ಕ್ಯಾಂಪರ್ ವ್ಯಾನಿನ ಟಾಪ್ ಬದಲಾಯಿಸುವುದು ಹೇಗೆ: ಮೊದಲು ನೀರು, ಆಮೇಲೆ ಬಿಸಿಲು

ಹಳೇ ಟೆಂಪೋ ಟ್ರಾವೆಲರ್ ಕೊಂಡು ಕ್ಯಾಂಪರ್ ಮಾಡಿಸುವವರು ಹಾಸಿಗೆ, ಅಡುಗೆ ಕಟ್ಟೆ, ಸೋಲಾರ್ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಟಾಪ್ ನೆನಪಾಗುವುದು ಮೊದಲ ಮಳೆಗಾಲದಲ್ಲಿ. ಅಷ್ಟೊತ್ತಿಗೆ ಒಳಗಡೆ ಪ್ಲೈವುಡ್ ಹೊಡೆದಾಗಿರುತ್ತದೆ, ವೈರಿಂಗ್ ಮುಚ್ಚಿಹೋಗಿರುತ್ತದೆ. ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಹುಡುಕುವುದಕ್ಕೂ ಎಲ್ಲವನ್ನೂ ಬಿಚ್ಚಬೇಕು. ಆದ್ದರಿಂದ ಗಾಡಿ ಮನೆಗೆ ಬಂದ ಮೇಲೆ ಮೊದಲ ಕೆಲಸ ಟಾಪ್ ಆಗಿರಲಿ.

ಇಲ್ಲಿ ಹೇಳುವುದು ಉಕ್ಕಿನ ಶೀಟಿನ ಟಾಪ್ ಇರುವ, ಟ್ರಾವೆಲರ್ ಗಾತ್ರದ ಗಾಡಿಯ ಬಗ್ಗೆ. 1987ರಲ್ಲಿ ಬಜಾಜ್ ಟೆಂಪೋ ಕಂಪನಿ ಮರ್ಸಿಡಿಸ್ ಬೆಂಜ್‌ನ ಟಿ1 ವ್ಯಾನನ್ನು ಆಧಾರವಾಗಿಟ್ಟುಕೊಂಡು ತಂದ ಗಾಡಿ ಇದು. ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಸಣ್ಣ ಊರಲ್ಲೂ ಇದರ ಕೆಲಸ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾರೆ, ಹಾಗಾಗಿ ಕ್ಯಾಂಪರ್‌ಗೆ ಒಳ್ಳೆಯ ಆಯ್ಕೆ. ಬೇರೆ ಗಾಡಿ ಇದ್ದರೂ ಕೆಲಸದ ಕ್ರಮ ಇದೇ, ಅಳತೆ ಮಾತ್ರ ಬೇರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟಾಪನ್ನು ತಿನ್ನುವುದು ಎರಡು ಪದರಗಳ ನಡುವೆ ಕೂತ ನೀರು. ಅದು ಮಳೆಯ ನೀರಾಗಿರಬಹುದು, ಒಳಗೆ ಮಲಗಿದವರ ಉಸಿರಿನ ನೀರಾಗಿರಬಹುದು. ಕೆಳಗಿನ ಪ್ರತಿಯೊಂದು ಹಂತ ಮುಗಿದಾಗಲೂ ನೀರು ನಿಲ್ಲುವ ಜಾಗ ಎಲ್ಲಾದರೂ ಉಳಿಯಿತಾ ಅಂತ ನೋಡಿಕೊಳ್ಳಿ. ಬಿಸಿಲಿನ ಲೆಕ್ಕ ಅದಾದ ಮೇಲೆ.

ಬದಲಾಯಿಸಲೇಬೇಕಾ?

ಎಲ್ಲ ಹಳೇ ಟಾಪನ್ನೂ ಕಿತ್ತು ಹಾಕಬೇಕಿಲ್ಲ. ಒಳಗಿನ ಲೈನಿಂಗ್ ಪೂರ್ತಿ ತೆಗೆದು, ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ಮೇಲಿನಿಂದ ಒಂದು ಅಯಸ್ಕಾಂತ ಹಿಡಿದು ಟಾಪ್ ಪೂರ್ತಿ ಓಡಿಸಿ. ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ಪೇಂಟಿನ ಕೆಳಗೆ ದಪ್ಪ ಪುಟ್ಟಿ ಇದೆ ಅಂತ ಅರ್ಥ. ಪುಟ್ಟಿ ಇರುವ ಕಡೆ ಹಳೇ ಏಟೋ ತುಕ್ಕೋ ಇರುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ.

ಮೇಲ್ಮೈ ತುಕ್ಕು ಮಾತ್ರ ಇದ್ದರೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಪೇಂಟ್ ಮಾಡಿದರೆ ಸಾಕು. ಒಂದೆರಡು ಕಡೆ ತೂತು ಬಿದ್ದಿದ್ದರೆ ಒಳ್ಳೆಯ ಟಿಂಕರ್ ಕೈಲಿ ಪ್ಯಾಚ್ ಹಾಕಿಸಿ. ಆದರೆ ಟಾಪಿನ ಅಂಚಿನಲ್ಲಿ ನೀರು ಹರಿದುಹೋಗುವ ಗಟರ್ ಉದ್ದಕ್ಕೂ ತುಕ್ಕು ಹಬ್ಬಿದ್ದರೆ, ಅಥವಾ ಶೀಟು ಅದನ್ನು ಕೆಳಗಿನಿಂದ ಹೊರುವ ಅಡ್ಡಪಟ್ಟಿಗಳಿಗೆ ಅಂಟಿದ ಜಾಗದಲ್ಲೆಲ್ಲ ಕೊಳೆತಿದ್ದರೆ, ಪ್ಯಾಚ್ ಕೆಲಸಕ್ಕೆ ದುಡ್ಡು ಹಾಕಬೇಡಿ. ಪ್ರತಿ ವರ್ಷ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ.

ಸೋರಿಕೆ ಪತ್ತೆ ಮಾಡುವಾಗ ಪೈಪಿನಲ್ಲಿ ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡುತ್ತಾ ಹೋಗಿ. ಮೊದಲು ಕಿಟಕಿಯ ರಬ್ಬರ್, ಆಮೇಲೆ ಗಟರ್, ಕೊನೆಗೆ ಟಾಪ್. ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ತಪ್ಪು ಯಾವುದರದ್ದು ಅಂತ ಗೊತ್ತೇ ಆಗುವುದಿಲ್ಲ.

ಕಾಗದ ಪತ್ರ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಹಳೇ ಶೀಟ್ ತೆಗೆದು ಅದೇ ಆಕಾರ, ಅದೇ ಎತ್ತರದಲ್ಲಿ ಹೊಸದು ಕೂರಿಸುವುದು ರಿಪೇರಿ. ಟಾಪ್ ಎತ್ತರಿಸುವುದು, ಮೇಲಕ್ಕೆ ತೆರೆಯುವ ಟಾಪ್ ಕೂರಿಸುವುದು, ಗಾಡಿಯ ಬಣ್ಣ ಬದಲಾಯಿಸುವುದು ಬೇರೆ ವಿಚಾರ. ಅಂಥದ್ದೇನಾದರೂ ಮನಸ್ಸಲ್ಲಿದ್ದರೆ ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಕ್ಯಾಂಪರ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡ ನಮ್ಮ ದೇಶದಲ್ಲಿದೆ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಕೆಲಸದ ಮೊದಲು, ನಡುವೆ, ಕೊನೆಗೆ ಫೋಟೋ ತೆಗೆದಿಟ್ಟುಕೊಳ್ಳಿ.

ಯಾವಾಗ ಮಾಡಬೇಕು

ನಮ್ಮ ಕಡೆ ಡಿಸೆಂಬರಿನಿಂದ ಫೆಬ್ರುವರಿ ಒಳ್ಳೆಯ ಸಮಯ. ಮಳೆ ಇಲ್ಲ, ಶೀಟು ಕೈ ಸುಡುವಷ್ಟು ಕಾಯುವುದೂ ಇಲ್ಲ. ಶೆಡ್ ಸಿಕ್ಕರೆ ಇನ್ನೂ ಒಳ್ಳೆಯದು. ಸಂದಿ ಮುಚ್ಚುವ ಪಿಯು (ಪಾಲಿಯುರೇಥೇನ್) ಸೀಲಂಟು ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುತ್ತದೆ. ದಿನಕ್ಕೆ ಸುಮಾರು 3 ಮಿ.ಮೀ. ಆಳದಷ್ಟು. ಒಣ ಹವೆಯಲ್ಲಿ ಇನ್ನೂ ನಿಧಾನ. ಅಂದರೆ ಶೀಟ್ ಕೂರಿಸಿದ ಮೇಲೆ ಒಂದು ವಾರ ಗಾಡಿ ಅಲ್ಲಾಡದೆ ನಿಂತಿರಬೇಕು. ಗ್ಯಾರೇಜಿನವರಿಗೆ ಇದನ್ನು ಮೊದಲೇ ಹೇಳಿ ಜಾಗ ಮಾತಾಡಿಕೊಳ್ಳಿ.

ಶೀಟ್ ಯಾವುದು?

ಟ್ರಾವೆಲರ್ ಗಾತ್ರದ ಟಾಪ್ ಅಂದರೆ ಸುಮಾರು 7 ಚದರ ಮೀಟರ್ ಅಂದುಕೊಳ್ಳಿ. 1 ಮಿ.ಮೀ. ಉಕ್ಕಿನ ಶೀಟ್ ಹಾಕಿದರೆ ತೂಕ 55 ಕೆ.ಜಿ. ಹತ್ತಿರ. 1.5 ಮಿ.ಮೀ. ಅಲ್ಯೂಮಿನಿಯಂ ಆದರೆ 28 ಕೆ.ಜಿ. ಆಸುಪಾಸು. 3 ಮಿ.ಮೀ. ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಶೀಟ್ ಇವೆರಡರ ನಡುವೆ ಬರುತ್ತದೆ, ತುಕ್ಕಿನ ಭಯವೂ ಇಲ್ಲ.

ಹಗುರ ಅಂತ ಅಲ್ಯೂಮಿನಿಯಂ ಕಡೆ ಮನಸ್ಸು ಹೋಗುವುದು ಸಹಜ. ಆದರೆ ಎರಡು ವಿಷಯ ಗೊತ್ತಿರಬೇಕು. ಒಂದು, ಅಲ್ಯೂಮಿನಿಯಂ ಮತ್ತು ಉಕ್ಕು ನೇರವಾಗಿ ಮುಟ್ಟಿಕೊಂಡು, ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಇದು ಇನ್ನೂ ಬೇಗ. ಎರಡು, ಬಿಸಿಗೆ ಅದು ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. 4 ಮೀಟರ್ ಉದ್ದದ ಶೀಟಿಗೆ ರಾತ್ರಿಗೂ ಮಧ್ಯಾಹ್ನಕ್ಕೂ 40 ಡಿಗ್ರಿ ವ್ಯತ್ಯಾಸವಾದರೆ ಅಲ್ಯೂಮಿನಿಯಂ ಸುಮಾರು 3.7 ಮಿ.ಮೀ. ಉದ್ದವಾಗುತ್ತದೆ, ಉಕ್ಕು 2 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ಬರೀ ರಿವೆಟ್ ಮೇಲೆ ನಿಲ್ಲಿಸಿದರೆ ತೂತುಗಳು ಉದ್ದುದ್ದ ಆಗಿ ಅಲ್ಲಿಂದಲೇ ಸೋರುತ್ತದೆ. ಅಲ್ಯೂಮಿನಿಯಂ ಹಾಕಿದರೆ ರಬ್ಬರಿನಂತೆ ಹಿಗ್ಗುವ ಪಿಯು ಅಂಟಿನ ಮೇಲೆಯೇ ಕೂರಿಸಬೇಕು.

ನನ್ನ ಆಯ್ಕೆ 1 ಮಿ.ಮೀ. ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್. ಗಾಡಿಯ ಉಳಿದ ಬಾಡಿಯೂ ಅದೇ ಲೋಹ, ಒಟ್ಟಿಗೆ ಹಿಗ್ಗುತ್ತದೆ, ಒಟ್ಟಿಗೆ ಕುಗ್ಗುತ್ತದೆ. ಟಾಪಿನ ಶೀಟು ಬಾಡಿಗೆ ಬಿಗಿ ಕೊಡುವ ಭಾಗವೂ ಹೌದು, ಹಾಗಾಗಿ ಮೂಲದಲ್ಲಿ ಇದ್ದದ್ದನ್ನೇ ಹಾಕುವುದು ಕ್ಷೇಮ. ಯಾವ ಊರಿನ ವೆಲ್ಡರ್ ಬೇಕಾದರೂ ಮುಂದೆ ರಿಪೇರಿ ಮಾಡಬಲ್ಲ. ಸತುವಿನ ಲೇಪವಿರುವ ಜಿಐ ಶೀಟ್ ಬೇಕೆನಿಸಿದರೆ ಒಂದು ಎಚ್ಚರ: ಅದನ್ನು ವೆಲ್ಡ್ ಮಾಡುವಾಗ ಏಳುವ ಸತುವಿನ ಹೊಗೆ ಕುಡಿದರೆ ಚಳಿ ಜ್ವರ ಬರುತ್ತದೆ. ವೆಲ್ಡ್ ಆಗುವ ಅಂಚಿನಲ್ಲಿ ಸತುವನ್ನು ಉಜ್ಜಿ ತೆಗೆದು, ಬಯಲಲ್ಲಿ, ಸರಿಯಾದ ಮಾಸ್ಕ್ ಹಾಕಿಕೊಂಡು ಮಾಡಬೇಕು.

ಹಳೇ ಶೀಟ್ ತೆಗೆಯುವುದು

ಗಾಡಿಯನ್ನು ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ, ನಾಲ್ಕೂ ಚಕ್ರ ಊರಿದಂತೆ ನಿಲ್ಲಿಸಿ. ಜ್ಯಾಕ್ ಮೇಲೆ ಬೇಡ. ಒಂದು ಮೂಲೆ ಎತ್ತಿದ ಸ್ಥಿತಿಯಲ್ಲಿ ಟಾಪ್ ತೆಗೆದರೆ ಬಾಡಿ ತಿರುಚಿಕೊಂಡು, ಆಮೇಲೆ ಬಾಗಿಲೇ ಸರಿಯಾಗಿ ಮುಚ್ಚುವುದಿಲ್ಲ. ಬ್ಯಾಟರಿ ವೈರ್ ಎರಡೂ ಬಿಚ್ಚಿ. ಎಲೆಕ್ಟ್ರಾನಿಕ್ ಕಂಟ್ರೋಲ್ ಇರುವ ಹೊಸ ಎಂಜಿನ್ ಆದರೆ ಇದು ಇನ್ನೂ ಮುಖ್ಯ. ಸೀಟು, ಫೋಮು, ಕಾರ್ಪೆಟ್, ಹಳೇ ರೆಕ್ಸಿನ್ ಎಲ್ಲ ಹೊರಗೆ. ಒಂದು ಬಕೆಟ್ ನೀರು ಮತ್ತು ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಗ್ರೈಂಡರ್ ಕಿಡಿ ಗಾಜಿಗೆ ಬಿದ್ದರೆ ಚುಕ್ಕೆಚುಕ್ಕೆಯಾಗಿ ಅಂಟಿ ಕೂರುತ್ತದೆ, ಒದ್ದೆ ಗೋಣಿಚೀಲ ಹೊದಿಸಿ.

ಬಿಚ್ಚುವ ಮೊದಲು ಅಳತೆ. ಪ್ರತಿ ಅಡ್ಡಪಟ್ಟಿಯ ಹತ್ತಿರ ಎಡಗಡೆಯಿಂದ ಬಲಗಡೆಗೆ ಅಗಲ ಅಳೆದು ಬರೆದುಕೊಳ್ಳಿ. ಮೂಲೆಯಿಂದ ಮೂಲೆಗೆ ಕರ್ಣವನ್ನೂ ಅಳೆಯಿರಿ. ಟಾಪಿನ ಬಾಗು ಎಷ್ಟಿದೆ ಅಂತ ಕಾರ್ಡ್‌ಬೋರ್ಡಿನಲ್ಲಿ ಅಚ್ಚು ಕತ್ತರಿಸಿಟ್ಟುಕೊಳ್ಳಿ. ಹೊಸ ಶೀಟ್ ಬಾಗಿಸುವಾಗ ಆ ಅಚ್ಚೇ ಆಧಾರ.

ಈಗ ಒಳಗೆ ಎಡ ಬಲ ಗೋಡೆಗಳ ನಡುವೆ ಎರಡು ಮೂರು ಕಡೆ ಚೌಕ ಪೈಪು ಅಡ್ಡ ಕೊಟ್ಟು ಬಿಗಿ ಮಾಡಿ. ಬಾಡಿ ಬಿಲ್ಡರ್ ಕಟ್ಟಿದ ಗಾಡಿಯಾದರೆ ಸಾಮಾನ್ಯವಾಗಿ ರಿವೆಟ್ ಇರುತ್ತದೆ, ಡ್ರಿಲ್ ಹಾಕಿ ತಲೆ ಹಾರಿಸಿದರೆ ಸಾಕು. ಚುಕ್ಕೆ ಚುಕ್ಕೆಯಾಗಿ ಬೆಸೆದ ಸ್ಪಾಟ್ ವೆಲ್ಡ್ ಆಗಿದ್ದರೆ 8 ಮಿ.ಮೀ. ಸ್ಪಾಟ್ ವೆಲ್ಡ್ ಕಟರ್ ತಗೊಂಡು ಮೇಲಿನ ಶೀಟ್ ಮಾತ್ರ ಕೊರೆಯಿರಿ, ಕೆಳಗಿನ ಪಟ್ಟಿ ಉಳಿಯಬೇಕು. ಗ್ರೈಂಡರಿನಿಂದ ಸುತ್ತ ಕೊಯ್ದು ಎತ್ತಿಬಿಡುವುದು ಬೇಗ ಆಗುವ ದಾರಿ. ಆದರೆ ಗಟರ್ ಅಂಚು ಹಾಳಾದರೆ ಹೊಸ ಶೀಟು ಕೂರುವ ಜಾಗವೇ ಹೋಗುತ್ತದೆ. ಟಿಂಕರ್ ಪಕ್ಕದಲ್ಲೇ ನಿಂತು ಇದೊಂದನ್ನು ನೋಡಿಕೊಳ್ಳಿ.

ಅಸ್ಥಿಪಂಜರದ ಚಿಕಿತ್ಸೆ

ಶೀಟ್ ಹೋದ ಮೇಲೆ ಅಡ್ಡಪಟ್ಟಿಗಳು ಪೂರ್ತಿ ಕಾಣುತ್ತವೆ. ಇಷ್ಟು ಚೆನ್ನಾಗಿ ಕೈಗೆ ಸಿಗುವುದು ಇದೊಂದೇ ಸಲ, ಅವಸರ ಬೇಡ. ವೈರ್ ಬ್ರಷ್ ಹಾಕಿ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ. ಕೊಳೆತ ಪಟ್ಟಿಯನ್ನು ಅದೇ ದಪ್ಪದ ಹೊಸ ಪಟ್ಟಿಯಿಂದ ಬದಲಾಯಿಸಿ. ಒಂದೊಂದೇ ಪಟ್ಟಿ ತೆಗೆದು ಕೂರಿಸುತ್ತಾ ಹೋಗಿ, ಎಲ್ಲವನ್ನೂ ಒಟ್ಟಿಗೆ ತೆಗೆಯಬೇಡಿ.

ಒಳಗಿನ ಗಾಳಿಯನ್ನು ಟಾಪಿನಿಂದ ಹೊರಗೆಳೆಯುವ ವೆಂಟ್ ಫ್ಯಾನ್ ಹಾಕುವ ಯೋಚನೆ ಇದ್ದರೆ ಅದರ ಚೌಕಟ್ಟನ್ನು ಈಗಲೇ ಬೆಸೆಯಿರಿ. ಕ್ಯಾಂಪರ್‌ಗಳಿಗೆ ಬರುವ ಫ್ಯಾನುಗಳಿಗೆ ಸಾಮಾನ್ಯವಾಗಿ 14 ಇಂಚು ಚೌಕದ ತೂತು ಬೇಕು. ಅದು ಎರಡು ಅಡ್ಡಪಟ್ಟಿಗಳ ನಡುವೆಯೇ ಬರಲಿ. ಪಟ್ಟಿ ಕತ್ತರಿಸಲೇಬೇಕಾದರೆ ಅದರ ಭಾರ ಅಕ್ಕಪಕ್ಕದ ಪಟ್ಟಿಗೆ ಹೋಗುವಂತೆ ಉದ್ದಪಟ್ಟಿ ಕೊಡಿ. ಸೋಲಾರ್ ಪ್ಯಾನೆಲ್‌ನ ಕಾಲುಗಳು ಎಲ್ಲಿ ಬರುತ್ತವೆ ಅಂತ ಗುರುತು ಮಾಡಿ, ಆ ಜಾಗದಲ್ಲೂ ಒಳಗಿನಿಂದ ಪಟ್ಟಿ ಕೊಡಿ. ಆಮೇಲೆ ತೆಳು ಶೀಟಿಗೆ ಸ್ಕ್ರೂ ಹೊಡೆಯುವ ಪರಿಸ್ಥಿತಿ ಬರಬಾರದು.

ವೆಲ್ಡ್ ಮಾಡುವ ಅಂಚಿಗೆ ಸತುವಿರುವ ವೆಲ್ಡ್-ಥ್ರೂ ಪ್ರೈಮರ್, ಉಳಿದ ಕಡೆ ಎಪಾಕ್ಸಿ ಪ್ರೈಮರ್. ಪೆಟ್ಟಿಗೆಯಂತೆ ಮುಚ್ಚಿರುವ ಪಟ್ಟಿಗಳ ಒಳಗೆ ಪೇಂಟ್ ಹೋಗುವುದಿಲ್ಲ. ಅದಕ್ಕೆ ಸಣ್ಣ ಪೈಪಿನ ಮೂಲಕ ಹೊಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಗುತ್ತದೆ. ವೆಲ್ಡಿಂಗ್ ಪೂರ್ತಿ ಮುಗಿದ ಮೇಲೆ ಅದನ್ನು ಹೊಡೆಯಿರಿ, ಮೊದಲು ಹೊಡೆದರೆ ಹೊತ್ತಿಕೊಳ್ಳುತ್ತದೆ. ಅಂಟು ಹಾಕುವ ಅಂಚಿಗೆ ವ್ಯಾಕ್ಸ್ ತಾಗದಂತೆಯೂ ನೋಡಿಕೊಳ್ಳಿ.

ಹೊಸ ಶೀಟ್ ಕೂರಿಸುವುದು

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಶೀಟು 8 ಅಡಿಗೆ 4 ಅಡಿ. ಹಾಗಾಗಿ ಟಾಪಿನಲ್ಲಿ ಅಡ್ಡ ಜೋಡಣೆ ಬರುವುದು ಖಚಿತ. ಜೋಡಣೆ ಅಡ್ಡಪಟ್ಟಿಯ ಮೇಲೆಯೇ ಬರುವಂತೆ ಕತ್ತರಿಸಿ. ಎರಡು ಪಟ್ಟಿಗಳ ನಡುವೆ ತೇಲುವ ಜೋಡಣೆ ಒಂದೇ ಮಳೆಗಾಲಕ್ಕೆ ಬಾಯಿ ಬಿಡುತ್ತದೆ.

ಯಾವ ಶೀಟ್ ಮೇಲೆ, ಯಾವುದು ಕೆಳಗೆ? ಮಂಗಳೂರು ಹಂಚು ಹೊದಿಸುವ ಲೆಕ್ಕವೇ ಇಲ್ಲೂ. ಅಲ್ಲಿ ನೀರು ಇಳಿಜಾರಿಗೆ ಹರಿಯುತ್ತದೆ, ಇಲ್ಲಿ ಓಡುವ ಗಾಡಿಯ ಗಾಳಿ ನೀರನ್ನು ಮುಂದಿನಿಂದ ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಮುಂದಿನ ಶೀಟು ಹಿಂದಿನದರ ಮೇಲೆ 25ರಿಂದ 30 ಮಿ.ಮೀ. ಬರಬೇಕು. ಹಿಂದಿನಿಂದ ಶುರು ಮಾಡಿ ಮುಂದಕ್ಕೆ ಬನ್ನಿ.

ಟಾಪಿನ ನಡುಭಾಗ ಅಂಚಿಗಿಂತ ಎತ್ತರ ಇರಲೇಬೇಕು. ಮೂಲ ಟಾಪಿನ ಬಾಗು ಕಾರ್ಡ್‌ಬೋರ್ಡ್ ಅಚ್ಚಿನಲ್ಲಿದೆ, ಅದಕ್ಕೆ ಹೊಂದಿಸಿ. ಕೆಲವರು ಸುಲಭ ಅಂತ ಚಪ್ಪಟೆ ಮಾಡಿಬಿಡುತ್ತಾರೆ. ಚಪ್ಪಟೆ ಶೀಟು ಬೇಗ ತಗ್ಗಾಗುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಒಂದಲ್ಲ ಒಂದು ದಾರಿ ಹುಡುಕಿಕೊಳ್ಳುತ್ತದೆ.

ಸುತ್ತಲಿನ ಗಟರ್ ಅಂಚಿಗೆ ಶೀಟನ್ನು ಚುಕ್ಕೆ ಚುಕ್ಕೆಯಾಗಿ ಬೆಸೆಯಿರಿ. ಒಂದು ಕಡೆ ಹಾಕಿದ ಮೇಲೆ ಎದುರು ಮೂಲೆಗೆ ಹೋಗಿ. ಒಂದೇ ಕಡೆ ಸಾಲಾಗಿ ಬೆಸೆಯುತ್ತಾ ಹೋದರೆ ಬಿಸಿಗೆ ಶೀಟು ಅಲೆ ಅಲೆಯಾಗಿ ಏಳುತ್ತದೆ. ನಡುವಿನ ಅಡ್ಡಪಟ್ಟಿಗಳಿಗೆ ವೆಲ್ಡ್ ಬೇಡ, ಪಿಯು ಅಂಟು ಸಾಕು. ಬೆಸುಗೆ ಹತ್ತಿರವಿರುವ ಅಂಟು ಸುಡುತ್ತದೆ, ಹಾಗಾಗಿ ಅಂಚಿನಿಂದ ಒಂದು ಗೇಣು ಬಿಟ್ಟು ಅಂಟು ಶುರುವಾಗಲಿ.

ಅಂಟು ಹಾಕುವ ಕೆಲಸ ನೋಡುವುದಕ್ಕೆ ಸಲೀಸು, ಮಾಡುವಾಗ ಶಿಸ್ತು ಬೇಕು. ಎರಡೂ ಮೇಲ್ಮೈಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಅಂಟು ತಯಾರಿಸಿದವರು ಹೇಳಿದ ಪ್ರೈಮರ್ ಹಚ್ಚಿ. ಅಂಟಿನ ಪದರ ಕನಿಷ್ಠ 3 ಮಿ.ಮೀ. ದಪ್ಪ ಉಳಿಯಬೇಕು, ಅದಕ್ಕೆ ಅಲ್ಲಲ್ಲಿ 3 ಮಿ.ಮೀ. ರಬ್ಬರ್ ತುಂಡು ಇಟ್ಟು ಶೀಟ್ ಒತ್ತಿ. ಪೂರ್ತಿ ಹಿಂಡಿ ತೆಳು ಮಾಡಿದರೆ ಶೀಟು ಹಿಗ್ಗುವಾಗ ಎಳೆದುಕೊಳ್ಳುವುದಕ್ಕೆ ಅಂಟಿಗೆ ಜಾಗವೇ ಇರುವುದಿಲ್ಲ.

ಮೇಲಿನ ಜೋಡಣೆ, ಗಟರಿನ ಒಳಮೂಲೆ, ವೆಂಟ್ ಸುತ್ತ ಎಲ್ಲ ಕಡೆ ಪಿಯು ಸೀಲಂಟು. ಕಿತ್ತು ಮತ್ತೆ ಹಾಕಬೇಕಾಗಬಹುದಾದ ವೆಂಟ್ ಫ್ಯಾನಿನ ಕೆಳಗೆ ಬ್ಯೂಟೈಲ್ ಟೇಪ್, ಅಂದರೆ ಗಟ್ಟಿಯಾಗದೆ ಮೆತ್ತಗೇ ಉಳಿಯುವ ರಬ್ಬರ್ ಅಂಟುಪಟ್ಟಿ. ಬಾತ್‌ರೂಮಿಗೆ ಹಾಕುವ ಸಿಲಿಕಾನ್ ಇಲ್ಲಿ ಬೇಡವೇ ಬೇಡ. ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ. ಮುಂದೆ ಕಿತ್ತರೂ ಅದರ ಜಿಡ್ಡು ಉಳಿದು ಬೇರೆ ಯಾವ ಸೀಲಂಟೂ ಅಂಟುವುದಿಲ್ಲ. ವೆಲ್ಡ್ ಆದ ಜಾಗದ ಕೆಳಭಾಗಕ್ಕೂ ಪ್ರೈಮರ್ ಮುಟ್ಟಿಸಿ, ಸುಟ್ಟ ಕಡೆಯಿಂದಲೇ ತುಕ್ಕು ಮೊದಲು ಶುರುವಾಗುತ್ತದೆ.

ನೀರಿನ ಪರೀಕ್ಷೆ

ವಾರ ಕಳೆದು ಸೀಲಂಟು ಗಟ್ಟಿಯಾದ ಮೇಲೆ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಡಿ. ಮುಂದಿನಿಂದ ಹಿಂದಕ್ಕೆ ಜೋರಾಗಿಯೂ ಬಿಡಿ. ಒಳಗೆ ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಪೇಪರ್ ಅಂಟಿಸಿಟ್ಟರೆ ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ. ಗಾಡಿಯನ್ನು ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ ಇನ್ನೊಮ್ಮೆ ನೋಡಿ. ವರ್ಷಕ್ಕೆ 7,000 ಮಿ.ಮೀ. ಮಳೆ ಸುರಿಯುವ ಆಗುಂಬೆ ಕಡೆ ಹೋಗಿ ಮಲಗುವ ಆಸೆ ಇದ್ದರೆ ಈ ಹಂತದಲ್ಲಿ ಒಂದು ಹನಿಯನ್ನೂ ಮಾಫಿ ಮಾಡಬೇಡಿ. ಇದು ಪಾಸಾಗದೆ ಇನ್ಸುಲೇಷನ್ (ಬಿಸಿ, ಚಳಿ ತಡೆಯುವ ಪದರ) ಮುಟ್ಟಬಾರದು.

ಬಣ್ಣ: ಬಿಳಿ

ಗಾಡಿಯ ಬಣ್ಣ ಬಿಳಿ ಆಗಿದ್ದರೆ ಟಾಪಿಗೂ ಬಿಳಿಯೇ ಹೊಡೆಯಿರಿ. ಕಡು ಬಣ್ಣದ ಶೀಟು ಏಪ್ರಿಲ್ ಬಿಸಿಲಲ್ಲಿ ಸುಲಭವಾಗಿ 65–70 ಡಿಗ್ರಿ ಮುಟ್ಟುತ್ತದೆ. ಬಿಳಿ ಶೀಟು ಅದಕ್ಕಿಂತ 15–20 ಡಿಗ್ರಿ ತಣ್ಣಗಿರುತ್ತದೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹೋದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು. ಇನ್ಸುಲೇಷನ್‌ಗೆ ಮುಂಚೆಯೇ ಸಿಗುವ ಲಾಭ ಇದು, ಬೇರೆ ಖರ್ಚಿಲ್ಲ. ಟಾಪಿನ ಬಣ್ಣ ಬೇರೆಯಾದರೆ ಆರ್‌ಸಿಯ ವಿಷಯ ಮೇಲೆ ಹೇಳಿದ್ದೇನೆ, ಕೇಳಿಕೊಂಡೇ ಮಾಡಿ.

ಸೋಲಾರ್ ಪ್ಯಾನೆಲ್ ಕೂಡ ನೆರಳು ಕೊಡುತ್ತದೆ. ಟಾಪಿಗೂ ಪ್ಯಾನೆಲ್ಲಿಗೂ ನಡುವೆ 40–50 ಮಿ.ಮೀ. ಬಿಟ್ಟು ಕೂರಿಸಿದರೆ ನಡುವೆ ಗಾಳಿ ಓಡಾಡುತ್ತದೆ, ಪ್ಯಾನೆಲ್ ತಣ್ಣಗಿದ್ದಷ್ಟೂ ವಿದ್ಯುತ್ ಜಾಸ್ತಿ. ಶೀಟಿಗೆ ನೇರವಾಗಿ ಅಂಟಿಸುವ ಮೆತ್ತನೆಯ ಪ್ಯಾನೆಲ್ ನನಗೆ ಇಷ್ಟವಿಲ್ಲ. ಕಪ್ಪು ಪ್ಯಾನೆಲಿನ ಬಿಸಿ ನೇರವಾಗಿ ಟಾಪಿಗೆ ಇಳಿಯುತ್ತದೆ.

ಇನ್ಸುಲೇಷನ್

ಲೆಕ್ಕ ಒಂದು ನೋಡೋಣ. ಶೀಟು 65 ಡಿಗ್ರಿ, ಒಳಗೆ 35 ಡಿಗ್ರಿ, ಟಾಪ್ 7 ಚದರ ಮೀಟರ್. ಬರೀ ಶೀಟ್ ಇದ್ದರೆ ಸುಮಾರು 1,200 ವಾಟ್ ಶಾಖ ಕೆಳಗಿಳಿಯುತ್ತದೆ. ಅಂದರೆ ತಲೆಯ ಮೇಲೆ ಒಂದು ಇಸ್ತ್ರಿ ಪೆಟ್ಟಿಗೆ ಸತತವಾಗಿ ಉರಿಯುವಷ್ಟು ವಾಟ್. 25 ಮಿ.ಮೀ. ನೈಟ್ರೈಲ್ ರಬ್ಬರ್ ಫೋಮ್ ಹಾಕಿದರೆ ಅದು ಸುಮಾರು 240 ವಾಟ್‌ಗೆ ಇಳಿಯುತ್ತದೆ. 50 ಮಿ.ಮೀ. ಹಾಕಿದರೆ 130ರ ಹತ್ತಿರ. ಮೊದಲ ಇಂಚು 950 ವಾಟ್‌ಗೂ ಜಾಸ್ತಿ ತಡೆಯಿತು, ಎರಡನೇ ಇಂಚು 110 ಮಾತ್ರ. ತಲೆ ತಾಗದಷ್ಟು ಎತ್ತರ ಅಮೂಲ್ಯವಾಗಿರುವ ಗಾಡಿಯಲ್ಲಿ ಒಂದು ಇಂಚಿಗೆ ನಿಲ್ಲಿಸುವುದು ಜಾಣತನ.

ಈಗ ಚಳಿಯ ಕಥೆ. ಚಿಕ್ಕಮಗಳೂರಿನ ಬೆಟ್ಟದ ಮೇಲೆ ಜನವರಿ ರಾತ್ರಿ ಹೊರಗೆ 12 ಡಿಗ್ರಿ, ಒಳಗೆ 22 ಡಿಗ್ರಿ ಅಂದುಕೊಳ್ಳಿ. ಒಳಗಿನ ಗಾಳಿಯ ತೇವಾಂಶ ಶೇಕಡಾ 70 ಇದ್ದರೆ 16 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಮೇಲಾದರೂ ನೀರು ಕೂರುತ್ತದೆ. ಶುಭ್ರ ಆಕಾಶದ ರಾತ್ರಿ ಶೀಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಇಬ್ಬರು ಮಲಗಿದರೆ ರಾತ್ರಿಯಲ್ಲಿ ಉಸಿರು, ಬೆವರಿನಿಂದ ಅರ್ಧ ಲೀಟರಿಗೂ ಜಾಸ್ತಿ ನೀರು ಗಾಳಿಗೆ ಸೇರುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು 1.6 ಕೆ.ಜಿ. ನೀರಿನ ಆವಿ ಬರುತ್ತದೆ. ಆ ಆವಿ ಲೈನಿಂಗ್ ಸಂದಿಯಲ್ಲಿ ನುಸುಳಿ ಶೀಟಿಗೆ ತಾಗಿದರೆ ಅಲ್ಲೇ ನೀರಾಗಿ ತೊಟ್ಟಿಕ್ಕುತ್ತದೆ. ಟಾಪ್ ಸೋರುತ್ತಿದೆ ಅಂತ ಜನ ಸೀಲಂಟ್ ಮೇಲೆ ಸೀಲಂಟ್ ಹಚ್ಚುವುದು ಎಷ್ಟೋ ಸಲ ಈ ನೀರಿಗೇ.

ಆದ್ದರಿಂದ ನಿಯಮ ಇಷ್ಟು: ಇನ್ಸುಲೇಷನ್ ತಾನೇ ನೀರು ಹೀರಬಾರದು, ಮತ್ತು ಶೀಟಿಗೂ ಅದಕ್ಕೂ ನಡುವೆ ಗಾಳಿ ಹೋಗುವ ಜಾಗ ಇರಬಾರದು.

ಗಾಜಿನ ಉಣ್ಣೆ ಈ ನಿಯಮಕ್ಕೆ ಹೊಂದುವುದಿಲ್ಲ. ಗಾಡಿಯ ಅದುರಿಗೆ ಕುಸಿಯುತ್ತದೆ, ತೇವ ಹಿಡಿದರೆ ಒಣಗುವುದಿಲ್ಲ. ಥರ್ಮೋಕೋಲ್ ಅಗ್ಗ, ಆದರೆ ಪುಡಿಯಾಗುತ್ತದೆ, ಕಿರುಗುಟ್ಟುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಎಕ್ಸ್‌ಪಿಎಸ್ (ಒತ್ತಾಗಿ ತಯಾರಿಸಿದ ಪಾಲಿಸ್ಟೈರೀನ್ ಫೋಮ್) ಹಲಗೆ ನೀರು ಕುಡಿಯುವುದಿಲ್ಲ, ಹಗುರ, ಬೆಲೆಯೂ ಪರವಾಗಿಲ್ಲ. ಆದರೆ ಬಾಗಿದ ಟಾಪಿಗೆ ಗಟ್ಟಿ ಹಲಗೆ ಸರಿಯಾಗಿ ಅಂಟುವುದಿಲ್ಲ, ಸಂದಿ ಉಳಿಯುತ್ತದೆ. ಕ್ಯಾನಿನಿಂದ ಉಬ್ಬುವ ಪಿಯು ಫೋಮ್ ತುಂಬುವುದು ಬೇಡ. ಉಬ್ಬಿ ಶೀಟನ್ನೇ ಎತ್ತಬಲ್ಲದು, ಎಲ್ಲಿ ಟೊಳ್ಳು ಉಳಿಯಿತು ಅಂತ ಕಾಣುವುದೂ ಇಲ್ಲ. ಹೊಳೆಯುವ ಬಬಲ್ ಹಾಳೆಯನ್ನು ಶೀಟಿಗೆ ನೇರ ಅಂಟಿಸಿದರೆ ದುಡ್ಡು ದಂಡ. ಅದರ ಹೊಳಪು ಕೆಲಸ ಮಾಡುವುದು ಎದುರಿಗೆ ಗಾಳಿಯ ಜಾಗ ಇದ್ದರೆ ಮಾತ್ರ.

ಎಸಿ ಡಕ್ಟಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಫೋಮ್ ನನ್ನ ಮೊದಲ ಆಯ್ಕೆ. ಕೋಶಗಳು ಮುಚ್ಚಿದ್ದು, ಬಾಗಿಗೆ ತಕ್ಕಂತೆ ಬಗ್ಗುತ್ತದೆ. ಎಸಿ ಸಾಮಾನು ಮಾರುವ ಅಂಗಡಿಗಳಲ್ಲಿ 19 ಮತ್ತು 25 ಮಿ.ಮೀ. ದಪ್ಪದಲ್ಲಿ, ಒಂದು ಬದಿ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದೂ ಸಿಗುತ್ತದೆ. ಬೆಂಕಿ ಹಬ್ಬುವುದನ್ನು ತಡೆಯುವ ದರ್ಜೆಯದ್ದನ್ನೇ ಕೇಳಿ, ಪ್ಯಾಕಿನ ಮೇಲೆ ಬರೆದಿರುತ್ತದೆ. ತಲೆಯ ಮೇಲೆ ಇರುವ ವಸ್ತು, ಒಳಗೆ ಒಲೆ ಉರಿಯುವ ಗಾಡಿ. ಇಲ್ಲಿ ಉಳಿತಾಯ ನೋಡಬಾರದು.

ಅಂಟಿಸುವ ಕ್ರಮ

ಮೊದಲು ಸದ್ದು. ಪಟ್ಟಿಗಳ ನಡುವಿನ ಶೀಟಿನ ಮಧ್ಯಭಾಗಕ್ಕೆ 2 ಮಿ.ಮೀ. ಬ್ಯೂಟೈಲ್ ಡ್ಯಾಂಪಿಂಗ್ ಹಾಳೆ ಒತ್ತಿ. ಮೂರನೇ ಒಂದು ಭಾಗ ಮುಚ್ಚಿದರೆ ಸಾಕು, ಪೂರ್ತಿ ಹಾಕಿದರೆ ಸುಮ್ನೆ ತೂಕ. ಮಳೆಯ ತಮಟೆ ಬಡಿತ ಎಷ್ಟೋ ತಗ್ಗುತ್ತದೆ.

ಆಮೇಲೆ ವೈರಿಂಗ್. ಲೈಟು, ಫ್ಯಾನು, ಸೋಲಾರಿನ ವೈರುಗಳೆಲ್ಲ ಪೈಪಿನೊಳಗೆ ಹೋಗಲಿ, ಪೈಪು ಇನ್ಸುಲೇಷನ್ನಿನ ಒಳಬದಿಗೆ, ಅಂದರೆ ನಮ್ಮ ಕಡೆಗೆ ಇರಲಿ. ಎಲ್ಲಿ ಹೋಗಿದೆ ಅಂತ ಅಳತೆಯ ಜೊತೆ ಫೋಟೋ ತೆಗೆದಿಡಿ.

ಫೋಮಿನ ತುಂಡನ್ನು ಜಾಗಕ್ಕಿಂತ 5 ಮಿ.ಮೀ. ದೊಡ್ಡದಾಗಿ ಕತ್ತರಿಸಿ. ಒತ್ತಿ ಕೂರಿಸಿದಾಗ ಅಂಚು ಪಟ್ಟಿಗೆ ಬಿಗಿಯಾಗಿ ತಾಗಬೇಕು. ಅಂಟು ಶಾಖ ತಡೆಯುವ ದರ್ಜೆಯದ್ದಿರಲಿ. ಸಾಮಾನ್ಯ ರಬ್ಬರ್ ಅಂಟು 70 ಡಿಗ್ರಿಯ ಶೀಟಿಗೆ ಮೆತ್ತಗಾಗಿ, ಮೇ ತಿಂಗಳಲ್ಲಿ ಫೋಮು ಜೋತು ಬೀಳುತ್ತದೆ. ಶೀಟಿಗೂ ಫೋಮಿಗೂ ಎರಡಕ್ಕೂ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಲು ಬಿಡಿ. ನಡುವಿನಿಂದ ಹೊರಕ್ಕೆ ಕೈಯಲ್ಲಿ ಒತ್ತುತ್ತಾ ಹೋಗಿ, ಕೆಳಗೆ ಗಾಳಿ ಗುಳ್ಳೆ ಸಿಕ್ಕಿಕೊಳ್ಳಬಾರದು. ಈ ಅಂಟಿನ ಆವಿ ತಲೆಗೇರುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಎಲ್ಲ ಬಾಗಿಲು ತೆರೆದು, ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಳ್ಳಿ, ಬೀಡಿ ಸಿಗರೇಟು ದೂರ.

ತುಂಬಾ ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಅಡ್ಡಪಟ್ಟಿಗಳು ಹಾಗೇ ಬರಿದಾಗಿ ಉಳಿಯುತ್ತವೆ. ಉಕ್ಕಿನಲ್ಲಿ ಶಾಖ ಈ ಫೋಮಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಸಲೀಸಾಗಿ ಹರಿಯುತ್ತದೆ. ಹೊರಗಿನ ಬಿಸಿ, ಚಳಿ ಎರಡೂ ಪಟ್ಟಿಯ ದಾರಿ ಹಿಡಿದು ಒಳಗೆ ಬರುತ್ತವೆ, ಚಳಿಯಲ್ಲಿ ನೀರು ಕೂರುವುದೂ ಅಲ್ಲೇ. ಪಟ್ಟಿಗಳ ಮೇಲೂ 6ರಿಂದ 10 ಮಿ.ಮೀ. ಅದೇ ಫೋಮನ್ನು ಅಂಟಿಸಿ. ಎಲ್ಲ ಜೋಡಣೆಗಳ ಮೇಲೆ ಅಲ್ಯೂಮಿನಿಯಂ ಟೇಪ್ ಎಳೆದು ಉಗುರಿನಿಂದ ಉಜ್ಜಿ ಕೂರಿಸಿ. ಈ ಟೇಪೇ ಆವಿಗೆ ಕೊನೆಯ ಬಾಗಿಲು.

ಒಳಗಿನ ಲೈನಿಂಗ್

4 ಮಿ.ಮೀ. ಪ್ಲೈವುಡ್ ಸಾಕು. ನೀರು ತಡೆಯುವ ಬಿಡಬ್ಲ್ಯುಪಿ ದರ್ಜೆ ಇರಲಿ, ಹಿಂಬದಿಗೂ ವಾರ್ನಿಷ್ ಹೊಡೆಯಿರಿ. ಪಿವಿಸಿ ಪ್ಯಾನೆಲ್ ಇನ್ನೂ ಹಗುರ, ಆದರೆ ಒಲೆಯ ಮೇಲ್ಭಾಗಕ್ಕೆ ಅದು ಬೇಡ, ಬಿಸಿಗೆ ಮುದುಡುತ್ತದೆ. ಒಲೆಯ ಮೇಲೆ ಅಲ್ಯೂಮಿನಿಯಂ ಶೀಟ್ ಒಂದು ತುಂಡು ಹಾಕಿ.

ಪ್ಲೈವುಡ್ಡನ್ನು ನೇರವಾಗಿ ಉಕ್ಕಿನ ಪಟ್ಟಿಗೆ ಸ್ಕ್ರೂ ಮಾಡಬೇಡಿ. ಪಟ್ಟಿಗೆ ಮೊದಲು ಮರದ ರೀಪು ಕೂರಿಸಿ, ರೀಪಿಗೆ ಪ್ಲೈವುಡ್ ಹೊಡೆಯಿರಿ. ಸ್ಕ್ರೂ ಉದ್ದ ಎರಡೆರಡು ಸಲ ಅಳೆಯಿರಿ. ಉದ್ದದ ಒಂದು ಸ್ಕ್ರೂ ಹೊಸ ಟಾಪನ್ನೇ ತೂತು ಮಾಡಿ ಇಷ್ಟು ಕೆಲಸವನ್ನೂ ನೀರುಪಾಲು ಮಾಡುತ್ತದೆ. ಡ್ರಿಲ್ ಬಿಟ್ಟಿಗೆ ಬೇಕಾದ ಆಳದಲ್ಲಿ ಟೇಪ್ ಸುತ್ತಿಟ್ಟುಕೊಂಡರೆ ಒಳ್ಳೆಯದು. ಹಲಗೆಗಳ ನಡುವೆ 2–3 ಮಿ.ಮೀ. ಸಂದಿ ಬಿಟ್ಟು ಬೀಡಿಂಗ್ ಮುಚ್ಚಿ, ಮಳೆಗಾಲದಲ್ಲಿ ಮರ ಉಬ್ಬುವುದಕ್ಕೆ ಜಾಗ ಬೇಕಲ್ವಾ.

ಇಷ್ಟೆಲ್ಲ ಮಾಡಿ ಗಾಡಿಯನ್ನು ಪೂರ್ತಿ ಮುಚ್ಚಿಕೊಂಡು ಮಲಗಬೇಡಿ. ಟಾಪಿನ ಫ್ಯಾನು ನಿಧಾನಕ್ಕೆ ಹೊರಕ್ಕೆ ಎಳೆಯುತ್ತಿರಲಿ, ಕೆಳಗೆ ಒಂದು ಕಿಟಕಿ ಎರಡು ಬೆರಳು ತೆರೆದಿರಲಿ. ಅಡುಗೆ ಮಾಡುವಾಗ ಇದು ಕಡ್ಡಾಯ. ಗ್ಯಾಸ್ ಒಲೆಯ ಹೊಗೆಯಲ್ಲಿ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಬರಬಹುದು, ಅದಕ್ಕೊಂದು ಅಲಾರ್ಮ್ ಮಲಗುವ ಜಾಗದ ಹತ್ತಿರ ಹಾಕಿ.

ಪ್ರತಿ ವರ್ಷ

ಮೇ ಮೊದಲ ವಾರ ಏಣಿ ಹಾಕಿ ಟಾಪ್ ಮೇಲಿನ ಸೀಲಂಟನ್ನೆಲ್ಲ ಬೆರಳಾಡಿಸಿ ನೋಡಿ. ಬಿರುಕು ಬಿಟ್ಟಿದ್ದರೆ, ಅಂಚು ಎದ್ದಿದ್ದರೆ ಆ ಭಾಗ ಕತ್ತರಿಸಿ ತೆಗೆದು ಹೊಸದು ಹಾಕಿ. ಹಳೆಯದರ ಮೇಲೆಯೇ ಬಳಿಯಬೇಡಿ. ಗಟರಿನಲ್ಲಿ ಎಲೆ, ಮಣ್ಣು ಕಟ್ಟಿಕೊಂಡಿದ್ದರೆ ಹಳೇ ಬ್ರಷ್ಷಿನಿಂದ ತೆಗೆಯಿರಿ, ನೀರು ಸುರಿದು ಎರಡೂ ಬದಿ ಸಲೀಸಾಗಿ ಹೊರಗೆ ಹೋಗುತ್ತದಾ ನೋಡಿ. ಮಂಗಳೂರು, ಕಾರವಾರದ ಕಡೆ ಸುತ್ತಾಡಿ ಬಂದ ಮೇಲೆ ಟಾಪನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಗಾಡಿಯಲ್ಲಿ ಸದಾ ಒಂದು ಸುರುಳಿ ಬ್ಯೂಟೈಲ್ ಟೇಪ್, ಒಂದು ಟ್ಯೂಬ್ ಪಿಯು ಸೀಲಂಟ್, ಒರೆಸುವ ಬಟ್ಟೆ ಇರಲಿ. ಸೀಲಂಟ್ ಟ್ಯೂಬಿನ ಮೇಲಿನ ಕೊನೆಯ ದಿನಾಂಕ ನೋಡಿ ತಗೊಳ್ಳಿ, ದಿನ ಮೀರಿದ್ದು ಟ್ಯೂಬಿನೊಳಗೇ ಗಟ್ಟಿಯಾಗಿರುತ್ತದೆ.